ತೆಂಗಿನ ಮರವಿಲ್ಲದ ಹಳ್ಳಿ

ನನ್ನ ಚಿತ್ರಗಳಲ್ಲಿ ತೆಂಗಿನ ಮರ ಇಲ್ಲ. ಮುಂದೆಯೂ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಚಿತ್ರ ನೋಡಲು ಬರುವ ಕನ್ನಡದವರು ಮೊದಲು ಹುಡುಕುವುದು ಅದನ್ನೇ. ಅದು ಸಿಗದಿದ್ದರೆ ಗುಡಿಸಲು ಹುಡುಕುತ್ತಾರೆ, ಆಮೇಲೆ ಎತ್ತಿನ ಗಾಡಿ, ಕೊನೆಗೆ ನನ್ನ ಮುಖ ನೋಡುತ್ತಾರೆ. ಷಿಕಾಗೋದ ಗ್ಯಾಲರಿಗೆ ಬರುವ ಬಿಳಿಯರೂ ಏನು ಕಡಿಮೆಯಿಲ್ಲ. ಗೋಡೆಯ ಚೀಟಿಯಲ್ಲಿ ನನ್ನ ಹೆಸರು ಓದಿ, ಮತ್ತೊಮ್ಮೆ ಚಿತ್ರ ನೋಡಿ, ಇದರಲ್ಲಿ ಇಂಡಿಯಾ ಎಲ್ಲಿದೆ ಎಂದು ಬಹಳ ಮೆತ್ತಗೆ ಕೇಳುತ್ತಾರೆ. ಎರಡೂ ಕಡೆಯವರಿಗೆ ನನ್ನ ಉತ್ತರ ಒಂದೇ. ನಾನು ಬರೆಯುವುದು ಮಿಷಿಗನ್ನಿನ ಹೊಲ. ಗೋವಿನಜೋಳ ಕಟಾವಾದ ಮೇಲೆ ಉಳಿದ ಕೂಳೆ, ಮಾರ್ಚ್ ತಿಂಗಳ ಕೆಸರು, ದೂರದಲ್ಲೊಂದು ಸೈಲೋ ಎಂಬ ಕಾಳು ತುಂಬಿಡುವ ಗೋಪುರ, ಮೇಲೆ ಬೂದಿ ಬಣ್ಣದ ಆಕಾಶ. ಐವತ್ತರ ಹತ್ತಿರ ಬಂದರೂ ಅದನ್ನೇ ಬರೆಯುತ್ತಿದ್ದೇನೆ, ಇನ್ನೂ ಸರಿಯಾಗಿ ಬಂದಿಲ್ಲ. ಈ ಹಟ ಎಲ್ಲಿಂದ ಬಂತು ಎನ್ನುವವರಿಗೆ ನಮ್ಮ ಮನೆಯ ಗರಾಜಿನ ವಿಷಯ ಹೇಳಬೇಕಾಗುತ್ತದೆ.

ಎರಡನೇ ಕ್ಲಾಸು ಮುಗಿಸಿದ್ದ ನನ್ನನ್ನು ಕರೆದುಕೊಂಡು ಅಪ್ಪ, ಅವ್ವ ಗದಗಿನ ಕಡೆಯಿಂದ ಬಂದು ಇಳಿದದ್ದು ಡೆಟ್ರಾಯ್ಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಅಪ್ಪ ಡಿಯರ್‌ಬಾರ್ನ್‌ನಲ್ಲಿ ಇಂಜಿನಿಯರ್, ಕಾರಿನ ಬ್ರೇಕಿಗೆ ಸಂಬಂಧಪಟ್ಟ ಕೆಲಸ. ನಮ್ಮ ಮನೆಗೆ ಒಂದು ಮುಂಬಾಗಿಲಿತ್ತು. ಹಿತ್ತಾಳೆಯ ಹಿಡಿಕೆ, ಪಕ್ಕದಲ್ಲಿ ಗಾಜಿನ ಪಟ್ಟಿ, ಎಲ್ಲ ಇತ್ತು; ಆದರೆ ಅದನ್ನು ತಟ್ಟುತ್ತಿದ್ದವರು ಪಿಜ್ಜಾ ತರುವವನು ಮತ್ತು ದೇವರ ಪುಸ್ತಕ ಹಂಚುವ ಇಬ್ಬರು ಹೆಂಗಸರು ಮಾತ್ರ. ನಾವೆಲ್ಲ ಗರಾಜಿನಿಂದಲೇ ಹೋಗಿ ಬರುವವರು. ಹಾಗಾಗಿ ಅವ್ವನ ಪ್ರಕಾರ ಮನೆಯ ಹೊಸ್ತಿಲು ಎಂದರೆ ಗರಾಜಿನಿಂದ ಲಾಂಡ್ರಿ ರೂಮಿಗೆ ಹತ್ತುವ ಮೆಟ್ಟಿಲು. ಅದಕ್ಕೇ ಅರಿಸಿನ ಕುಂಕುಮ, ಅದರ ಮುಂದಿನ ಕಾಂಕ್ರೀಟಿನ ಮೇಲೇ ರಂಗೋಲಿ. ಚಳಿಗಾಲದಲ್ಲಿ ಕಾರಿನಿಂದ ಕರಗಿದ ಹಿಮ ಉಪ್ಪಿನ ಸಮೇತ ಹರಿದುಬಂದು ರಂಗೋಲಿಯನ್ನು ಅರ್ಧ ಅಳಿಸುತ್ತಿತ್ತು. ಅವ್ವ ಗೊಣಗಿಕೊಂಡು ಮರುದಿನ ಮತ್ತೆ ಹಾಕುತ್ತಿದ್ದಳು. ಮುಂದಿನ ಕೋಣೆಯಲ್ಲಿ ಬಿಳಿ ಕಾರ್ಪೆಟ್ಟು ಮತ್ತು ಬಂದವರಿಗೆಂದೇ ಇಟ್ಟ ಸೋಫಾ ಇದ್ದವು. ಅಲ್ಲಿ ನಾವು ಯಾರೂ ಕೂರುತ್ತಿರಲಿಲ್ಲ. ದೇವರ ಜಗಲಿ ಅಡುಗೆಮನೆಯ ಪ್ಯಾಂಟ್ರಿಯಲ್ಲಿ, ಅಕ್ಕಿ ಚೀಲದ ಮೇಲಿನ ಹಲಗೆಯ ಮೇಲೆ ಇತ್ತು.

ಮನೆಯ ನಿಜವಾದ ಜೀವನ ನಡೆಯುತ್ತಿದ್ದದ್ದು ಗರಾಜಿನಲ್ಲೇ. ಒಳಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರ್ಮ್ ಬಾಯಿ ಬಡಿದುಕೊಳ್ಳುತ್ತಿತ್ತು, ಸೋಫಾಕ್ಕೆ ವಾಸನೆ ಹತ್ತುತ್ತಿತ್ತು. ಅಪ್ಪ ಗರಾಜಿನ ಒಂದು ಮೂಲೆಗೆ ಸಿಲಿಂಡರಿನ ಒಲೆ ತಂದಿಟ್ಟ. ಅವ್ವ ದೊಡ್ಡ ಬಾಗಿಲನ್ನು ಅರ್ಧ ಎತ್ತಿ, ಸ್ವೆಟರಿನ ಮೇಲೆ ಜಾಕೆಟ್ಟು ಹಾಕಿಕೊಂಡು, ತಲೆಗೆ ಅಪ್ಪನ ಉಲ್ಲನ್ ಟೋಪಿ ಸಿಕ್ಕಿಸಿಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯ ನಾಯಿ ಅದರ ತಾಳ ಕೇಳಿ ಬೇಲಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಗರಾಜಿನಲ್ಲಿ ಅಪ್ಪನ ಕಾರಿಗೆ ಒಂದು ಪಾಲು, ಅವ್ವನ ಒಲೆಗೆ ಒಂದು ಪಾಲು. ಅಲ್ಲಿ ನನ್ನದೂ ಒಂದು ಪಾಲಾದದ್ದು ಒಂದು ದೊಡ್ಡ ಜಗಳದ ನಂತರ.

ನಾನಾಗ ಹೈಸ್ಕೂಲಿಗೆ ಸೇರಿದ್ದೆ. ಎಣ್ಣೆ ಬಣ್ಣದ ಹುಚ್ಚು ಹೊಸದಾಗಿ ಹಿಡಿದಿತ್ತು. ಅಡುಗೆಮನೆಯ ಟೇಬಲ್ಲಿನ ಮೇಲೆ ಹಳೆಯ ಪೇಪರು ಹಾಸಿ ಬರೆಯುತ್ತಿದ್ದೆ, ಸಿಂಕಿನಲ್ಲೇ ಬ್ರಷ್ ತೊಳೆಯುತ್ತಿದ್ದೆ. ಷಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನಿಂದ ಕಾಕಾನ ಸಂಸಾರ ಬಂದಿದ್ದ ಒಂದು ದಿನ, ಅಲ್ಲೇ ಹುಟ್ಟಿ ಬೆಳೆದ ಕಾಕಾನ ಮಗಳು ಪ್ರಿಯಾ ಸಿಂಕಿನ ಪಕ್ಕ ಒಣಗಲು ಇಟ್ಟಿದ್ದ ಬ್ರಷ್ ಎತ್ತಿಕೊಂಡು ಅದರ ಹಿಡಿಕೆಯ ಮೇಲಿನ ಅಕ್ಷರವನ್ನು ದೊಡ್ಡದಾಗಿ ಓದಿದಳು.

"ಹಾಗ್ ಬ್ರಿಸಲ್. ಈಯೂ, ದಿಸ್ ಈಸ್ ಪಿಗ್ ಹೇರ್!"

ಅವ್ವ ಪಲ್ಯ ಕಲಸುತ್ತಿದ್ದವಳು ನಿಂತಳು.

"ಏನಂದ್ಲಕಿ? ಎದರ ಕೂದ್ಲಂತ?"

"ಹಂದೀದು, ದೊಡ್ಡವ್ವಾ," ಎಂದಳು ಪ್ರಿಯಾ. ಅವಳಿಗೆ ಬರುತ್ತಿದ್ದ ನಾಲ್ಕು ಕನ್ನಡ ಮಾತುಗಳಲ್ಲಿ ಅದೂ ಒಂದಿರಬೇಕೇ!

ಪಲ್ಯ ಕಸದ ಬುಟ್ಟಿಗೆ ಹೋಯಿತು. ಸಿಂಕಿನಲ್ಲಿದ್ದ ಬಾಣಲಿ, ಸೌಟು, ತಿಕ್ಕುವ ಸ್ಪಂಜು, ಎಲ್ಲ ಅದರ ಹಿಂದೆಯೇ ಹೋದವು. ಅವ್ವ ಹುಣಸೆಹಣ್ಣು ಹಾಕಿ ಸಿಂಕು ತಿಕ್ಕಿದಳು, ಬಿಸಿನೀರು ಸುರಿದಳು, ಮೇಲೆ ವಿಭೂತಿ ಚಿಮುಕಿಸಿದಳು. ಇಷ್ಟು ದಿನ ದೇವರಿಗೆ ಎಡೆ ಮಾಡಿದ ಪಾತ್ರೆ ಅದೇ ಸಿಂಕಿನಲ್ಲಿ ತೊಳೆದಿದ್ದು ನೆನಪಾಗಿ ಕಣ್ಣಲ್ಲಿ ನೀರು ತಂದುಕೊಂಡಳು. ಅಪ್ಪ ಬಂದು ಬ್ರಷ್‌ಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ನಾಳೆ ನೈಲಾನಿನದು ಕೊಡಿಸುತ್ತೇನೆ ಎಂದ. ನಾನು ಚೀಲ ಕಿತ್ತುಕೊಂಡೆ.

"ನೈಲಾನ್ ಡಸಂಟ್ ಹೋಲ್ಡ್ ಪೇಂಟ್. ಐ ನೀಡ್ ದೀಸ್."

"ಎದುರಾಡಬ್ಯಾಡ," ಎಂದಳು ಅವ್ವ. "ಹಂದಿ ಕೂದ್ಲ ಈ ಮನ್ಯಾಗ ಬರಂಗಿಲ್ಲ."

"ದೆನ್ ಐ ವೋಂಟ್ ಕಮ್ ಈದರ್," ಎಂದು ನಾನು ಚೀಲದ ಸಮೇತ ಹೋಗಿ ಗರಾಜಿನಲ್ಲಿ ಕೂತೆ.

ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಇದ್ದಿರಬೇಕು. ಸ್ವಲ್ಪ ಹೊತ್ತಿಗೆ ಅವ್ವ ಬಾಗಿಲು ತೆರೆದು ಅಪ್ಪನ ಜಾಕೆಟ್ಟನ್ನು ನನ್ನತ್ತ ಎಸೆದಳು. ಒಳಗೆ ಬಾ ಅನ್ನಲಿಲ್ಲ, ಬ್ರಷ್ ಬಿಸಾಕು ಎಂದೂ ಅನ್ನಲಿಲ್ಲ. ಹಾಗೆ ಗಡಿ ನಿರ್ಧಾರವಾಯಿತು. ಹಂದಿಕೂದಲು ರಂಗೋಲಿ ದಾಟಿ ಒಳಗೆ ಬರಬಾರದು, ಒಲೆ ಹೊತ್ತಿದಾಗ ಟರ್ಪಂಟೈನ್ ಬಾಟಲಿಯ ಮುಚ್ಚಳ ಬಿಗಿದಿರಬೇಕು, ನಾನು ಕೈಯನ್ನು ಗರಾಜಿನ ನಲ್ಲಿಯಲ್ಲಿ ತೊಳೆದೇ ಮೆಟ್ಟಿಲು ಹತ್ತಬೇಕು. ಈ ಕರಾರು ನಾನು ಮನೆ ಬಿಡುವ ತನಕ ನಡೆಯಿತು. ಇಂಥ ಬ್ರಷ್ಷೇ ಏಕೆ ಬೇಕು ಎಂದು ಅವ್ವನಿಗೆ ಅರ್ಥ ಮಾಡಿಸಲು ನನಗೆ ಆಗಲಿಲ್ಲ, ಆದರೆ ಅವಳ ಪಕ್ಕ ಕೂತು ಕೆಲಸ ಮಾಡಿದ್ದರಿಂದ ನನಗೇ ಒಂದು ವಿಷಯ ಅರ್ಥವಾಯಿತು. ರೊಟ್ಟಿಯ ಹಿಟ್ಟು ಅಂಚಿನಲ್ಲಿ ಬಿರಿದರೆ ಅವ್ವ ಬಿಸಿನೀರಿನ ಕೈ ತಾಕಿಸಿ ಮತ್ತೆ ನಾದುತ್ತಿದ್ದಳು. ಅಳತೆ ಇಲ್ಲ, ಕೈಗೆ ಗೊತ್ತು. ಬಣ್ಣವೂ ಹಾಗೇ. ಕೆಸರು ಬರೆಯಬೇಕಾದರೆ ಬಣ್ಣ ಕೆಸರಿನಷ್ಟೇ ಗಟ್ಟಿ ಇರಬೇಕು, ಅದನ್ನು ಎತ್ತಿ ಎಳೆಯುವಷ್ಟು ಬಿರುಸು ಬ್ರಷ್ಷಿಗೆ ಬೇಕು. ನೈಲಾನು ಅದರ ಮುಂದೆ ಬಳುಕಿಬಿಡುತ್ತಿತ್ತು.

ಕೆಸರು ನನ್ನ ಕಣ್ಣಿಗೆ ಬಿದ್ದದ್ದು ಕಾರಿನ ಹಿಂದಿನ ಸೀಟಿನಿಂದ. ಹಬ್ಬ ಬಂದರೆ, ಸ್ಕೂಲಿಗೆ ರಜೆ ಬಂದರೆ ಷಿಕಾಗೋ ಕಡೆ ಕಾಕಾನ ಮನೆಗೆ ಹೊರಡುವುದು ನಮ್ಮ ಪದ್ಧತಿ. ಕಾಕಾನ ಮನೆಯ ಮೇಲೆ ದಿನವಿಡೀ ವಿಮಾನ, ಸುತ್ತ ಎಲ್ಲಿ ನೋಡಿದರೂ ಗೋದಾಮು; ಅಲ್ಲಿ ನೋಡಲು ಏನೂ ಇರಲಿಲ್ಲ. ನೋಡುವುದೆಲ್ಲ ದಾರಿಯಲ್ಲಿ. ಐ-ನೈಂಟಿಫೋರ್ ಹೈವೇ ಹಿಡಿದು ಆನ್ ಆರ್ಬರ್ ದಾಟಿದರೆ ಎರಡೂ ಕಡೆ ಹೊಲ ಶುರು. ಅಪ್ಪ ಎಪ್ಪತ್ತು ಮೈಲಿಗೆ ಮುಳ್ಳು ಇಟ್ಟನೆಂದರೆ ರೆಸ್ಟ್ ಏರಿಯಾ ಬರುವ ತನಕ ನಿಲ್ಲಿಸುವ ಮನುಷ್ಯನೇ ಅಲ್ಲ. ಎಷ್ಟು ಗೋಗರೆದರೂ ಅವನದು ಒಂದೇ ಮಾತು.

"ಹೈವೇದಾಗ ಹೊಲ ನೋಡಾಕ ಯಾರರ ಗಾಡಿ ನಿಲ್ಲಸ್ತಾರೇನು? ಪೊಲೀಸ ಬರ್ತಾನ."

ಮಾರ್ಷಲ್ ಎಂಬ ಊರಿನ ಎಕ್ಸಿಟ್‌ಗೆ ಸ್ವಲ್ಪ ಮೊದಲು ಬಲಗಡೆಗೆ ಒಂದು ಹೊಲ ಬರುತ್ತಿತ್ತು. ಮಧ್ಯದಲ್ಲಿ ಮಳೆನೀರು ನಿಲ್ಲುವ ತಗ್ಗು, ಹಿಂದೆ ಒಂದು ಸೈಲೋ, ಅದರ ಪಕ್ಕ ಬಾಗಿದ ಕರೆಂಟಿನ ಕಂಬ. ಅದು ಏಕೆ ಹಿಡಿಸಿತು ಎಂದರೆ ಹೇಳಲಾರೆ, ಚೆಲುವು ಅನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ. ಬಂದು ಹೋಗಿಬಿಡುವ ಆ ಹೊಲವನ್ನು ಹಿಡಿಯಲು ನಾನೊಂದು ಉಪಾಯ ಮಾಡಿಕೊಂಡೆ. ಒಂದು ಪ್ರಯಾಣಕ್ಕೆ ಒಂದೇ ವಿಷಯ ನೋಡುವುದು. ಒಮ್ಮೆ ಆಕಾಶ ಮತ್ತು ನೆಲ ಸೇರುವ ಗೆರೆ ಮಾತ್ರ. ಇನ್ನೊಮ್ಮೆ ಕೂಳೆಯ ಬಣ್ಣ ಮಾತ್ರ. ಅದು ಹಳದಿ ಎಂದುಕೊಂಡಿದ್ದೆ, ನೋಡಿದರೆ ಹೆಚ್ಚುಕಡಿಮೆ ಬಿಳಿ. ಮತ್ತೊಮ್ಮೆ ನಿಂತ ನೀರಿನಲ್ಲಿ ಕಾಣುವ ಆಕಾಶ ಮೇಲಿನ ಆಕಾಶಕ್ಕಿಂತ ಹೆಚ್ಚು ಬೆಳಗುತ್ತದೆಯೇ ಎಂಬುದು ಮಾತ್ರ. ಉಳಿದದ್ದರ ಕಡೆ ನೋಡಬಾರದು. ಮನೆಗೆ ಬಂದು ಗರಾಜಿನಲ್ಲಿ ಆ ಒಂದನ್ನೇ ಕ್ಯಾನ್ವಾಸಿಗೆ ಇಳಿಸುವುದು, ತಪ್ಪಾದರೆ ಚಾಕುವಿನಿಂದ ಕೆರೆದು ತೆಗೆಯುವುದು, ಮುಂದಿನ ಹಬ್ಬದ ತನಕ ಕಾಯುವುದು. ಈಗ ನನ್ನ ಬಳಿ ಸ್ವಂತ ಕಾರಿದೆ, ಬೇಕಾದಲ್ಲಿ ನಿಲ್ಲಿಸಬಹುದು, ಆದರೂ ಕೆಲಸ ಮಾಡುವ ಕ್ರಮ ಅದೇ ಉಳಿದಿದೆ. ಎಲ್ಲವನ್ನೂ ಒಟ್ಟಿಗೆ ನೋಡಲು ಹೋದ ದಿನ ನನಗೆ ಏನೂ ಕಾಣುವುದಿಲ್ಲ.

ಹೊರಗಿನವರಿಗೆ ಬೇಕಾದದ್ದು ಬೇರೆ. ಸ್ಕೂಲಿನಲ್ಲಿ ಆರ್ಟ್ ಟೀಚರ್ ನನ್ನ ಹೊಲದ ಮುಂದೆ ನಿಂತು, ನಿನ್ನ ಪರಂಪರೆ ಎಷ್ಟು ಬಣ್ಣದ್ದು, ಆನೆ, ಹಬ್ಬ, ಸೀರೆ, ಅದನ್ನೇಕೆ ಬರೆಯಬಾರದು ಎಂದು ಕೇಳಿದಳು. ಆನೆಯನ್ನು ನಾನು ನೋಡಿದ್ದು ಡೆಟ್ರಾಯ್ಟ್ ಝೂನಲ್ಲಿ. ಹಾಗೆಂದೇ ಹೇಳಿದೆ. ಆಕೆ ನಕ್ಕಳು, ಆದರೆ ಆ ಸಲದ ಗ್ರೇಡು ನಗುವಂತಿರಲಿಲ್ಲ. ಇತ್ತ ನಮ್ಮವರ ಕನ್ನಡ ಕೂಟಕ್ಕೆ ಹೋದರೆ ಊಟದ ಸಾಲಿನಲ್ಲಿ ನಿಂತವರಿಂದ ಮೊದಲ ಪ್ರಶ್ನೆ: ನಿಮ್ಮೂರು ಯಾವುದು? ಇಂಗ್ಲಿಷಿನಲ್ಲಿ ಕೇಳುವ ಅಂಕಲ್‌ಗಳಾದರೆ, ನೇಟಿವ್ ಪ್ಲೇಸ್? ಒಮ್ಮೆ ನಾನು ಫಾರ್ಮಿಂಗ್ಟನ್ ಹಿಲ್ಸ್ ಎಂದೆ. ಸಾಲಿಗೆ ಸಾಲೇ ನಕ್ಕಿತು. ಅಪ್ಪ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಗದಗ ಹತ್ರರೀ," ಎಂದು ತಿದ್ದಿದ. ಎಂಟು ವರ್ಷಕ್ಕೆ ಬಿಟ್ಟುಬಂದ ಆ ಊರಿನ ಬಗ್ಗೆ ನನಗೆ ನೆನಪಿದ್ದದ್ದು ಒಂದು ಕಟ್ಟೆ, ಒಂದು ಎಮ್ಮೆ, ಸ್ಕೂಲಿನ ಒಂದು ಕಿಟಕಿ, ಅಷ್ಟೇ. ಅದು ನನ್ನೂರು, ಪ್ರತಿದಿನ ಕಣ್ಣಿಗೆ ಬೀಳುವುದು ನನ್ನದಲ್ಲ ಅನ್ನುವ ಮಾತು ನನ್ನನ್ನು ಉರಿಸುತ್ತಿತ್ತು. ಈಗಲೂ ಉರಿಸುತ್ತದೆ.

ಹೈಸ್ಕೂಲು ಮುಗಿಯುವ ವರ್ಷ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಮಕ್ಕಳ ಸುಗ್ಗಿ ಕುಣಿತ ಇತ್ತು. ಕಾರ್ಯಕ್ರಮ ನಡೆಸುತ್ತಿದ್ದವರು ಮೈಸೂರಿನ ಸುಮಿತ್ರಾ ಆಂಟಿ. ಕೂಟದಲ್ಲಿ ಅವರ ಮಾತಿಗೆ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ. ಅವರು ಮನೆಗೇ ಫೋನ್ ಮಾಡಿದರು.

"ಗಿರಿಜಾ ಪುಟ್ಟಾ, ಸ್ಟೇಜಿನ ಹಿಂದಕ್ಕೆ ಒಂದು ದೊಡ್ಡ ಸೀನ್ ಪೇಂಟ್ ಮಾಡ್ಕೊಡ್ತೀಯಾ? ಒಂದು ಹಳ್ಳಿ ಸೀನ್ ಕಣೇ. ಗೊತ್ತಲ್ಲ, ಹಿಂದೆ ಎರಡು ಬೆಟ್ಟ, ಮಧ್ಯೆ ಸೂರ್ಯ, ಒಂದು ಹೊಳೆ, ಗುಡಿಸ್ಲು, ಪಕ್ಕದಲ್ಲಿ ತೆಂಗಿನ ಮರ."

ಆ ಚಿತ್ರ ಗೊತ್ತಿಲ್ಲದವರು ಯಾರು? ಇಂಡಿಯಾದ ಮಕ್ಕಳೆಲ್ಲ ಬರೆಯುವ ಚಿತ್ರ ಅದು. ಗದಗಿನ ಕಡೆಯ ನನ್ನ ಕ್ಲಾಸಿನಲ್ಲೂ ಎಲ್ಲರೂ ಅದನ್ನೇ ಬರೆಯುತ್ತಿದ್ದರು, ಕಿಟಕಿಯ ಆಚೆ ಗುಡ್ಡವೂ ಇರಲಿಲ್ಲ, ಹೊಳೆಯೂ ಇರಲಿಲ್ಲ, ತೆಂಗು ನೋಡಬೇಕೆಂದರೆ ಬಸ್ಸು ಹತ್ತಬೇಕಿತ್ತು. ಯಾರ ಹಳ್ಳಿಯೂ ಅಲ್ಲದ ಹಳ್ಳಿ ಎಲ್ಲರ ಹಳ್ಳಿಯಾಗಿತ್ತು. ನಾನು ಬರೆದುಕೊಡುತ್ತೇನೆ ಎಂದೆ. ಹಳ್ಳಿ ಯಾವುದು ಎಂದು ಹೇಳಲಿಲ್ಲ.

ಗೋಡೆಗೆ ಬಣ್ಣ ಹೊಡೆಯುವವರು ನೆಲಕ್ಕೆ ಹಾಸುವ ದಪ್ಪ ಬಟ್ಟೆ ತಂದು ಗರಾಜಿನ ಉದ್ದಕ್ಕೂ ಹಾಸಿದೆ. ಅಪ್ಪ ಕಾರನ್ನು ಹೊರಗೆ ನಿಲ್ಲಿಸಿದ. ಅವ್ವ ಬಟ್ಟೆಯ ಅಂಚಿನಲ್ಲಿ ಕಾಲಿಡಲು ಜಾಗ ಮಾಡಿಕೊಂಡು ರೊಟ್ಟಿ ಬಡಿದಳು. ಅಷ್ಟು ದೊಡ್ಡದನ್ನು ನಾನು ಅದುವರೆಗೆ ಬರೆದಿರಲಿಲ್ಲ. ಮೊದಲು ಆಕಾಶಕ್ಕೆ ಮುಕ್ಕಾಲು ಪಾಲು ಕೊಟ್ಟೆ, ನೋಡಿದರೆ ಹೊಲ ಓಡಿಹೋಗುವ ಹಾಗೆ ಕಾಣಿಸಿತು. ಎಲ್ಲ ಅಳಿಸಿ ಗೆರೆಯನ್ನು ಮೇಲಕ್ಕೇರಿಸಿದೆ, ನೆಲ ಬಂದು ನೋಡುವವರ ಕಾಲಿಗೆ ತಾಕುವಂತೆ. ಕಪ್ಪು ಬಣ್ಣವನ್ನು ಡಬ್ಬಿಯಿಂದ ಹಾಗೇ ಹಚ್ಚಿದರೆ ಟಾರ್ ರಸ್ತೆಯಾಗುತ್ತದೆ; ಕಂದು, ಕಡುನೀಲಿ, ಒಂಚೂರು ಕೆಂಪು ಸೇರಿಸಿ ಬೆರೆಸಿದರೆ ಮಣ್ಣಾಗುತ್ತದೆ ಎಂಬುದು ಆ ವಾರ ಕಲಿತದ್ದು. ಕೂಳೆಯ ಸಾಲುಗಳನ್ನು ಹಂದಿಕೂದಲಿನ ಬ್ರಷ್ಷಿನಿಂದಲೇ ಎಳೆದೆ. ಕೊನೆಯ ದಿನ ಸ್ಕೂಲಿನಿಂದ ಬಂದಾಗ ಅವ್ವ ರಬ್ಬರ್ ಗ್ಲೋವ್ಸ್ ಹಾಕಿಕೊಂಡು ಗರಾಜಿನ ನಲ್ಲಿಯಲ್ಲಿ ಆ ಬ್ರಷ್‌ಗಳನ್ನು ತೊಳೆಯುತ್ತಿದ್ದಳು. ನನ್ನನ್ನು ಕಂಡು ಮುಖ ಗಂಟು ಹಾಕಿದಳು.

"ಹಂಗ ಬಿಟ್ರ ಒಣಗಿ ಕಟ್ಟಿಗಿ ಆಗ್ತಾವು. ನಿನಗರ ಎಲ್ಲಿ ಖಬರು ಐತಿ."

ಕಾರ್ಯಕ್ರಮದ ಬೆಳಿಗ್ಗೆ ಒಂದು ಸ್ಕೂಲಿನ ಆಡಿಟೋರಿಯಮ್ಮಿನಲ್ಲಿ ಬಟ್ಟೆಯನ್ನು ಬಿಚ್ಚಿ ನೇತುಹಾಕಿದೆವು. ಸುಮಿತ್ರಾ ಆಂಟಿ ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ಮೈಕು ಹಿಡಿದು ಬಂದು ನಿಂತರು.

"ಇದೇನೇ ಇದು, ಬರೀ ಕೆಸರು! ಹಬ್ಬದ ದಿನ ಮಕ್ಕಳು ಇದರ ಮುಂದೆ ಕುಣೀಬೇಕಾ?"

"ಇಟ್ಸ್ ಎ ವಿಲೇಜ್, ಆಂಟಿ."

"ಯಾವ ವಿಲೇಜಮ್ಮ? ಒಂದು ಹಸಿರು ಎಲೆ ಇಲ್ಲ. ಇರು, ಹೋದ ವರ್ಷದ ರಟ್ಟಿನ ತೆಂಗಿನ ಮರ ವ್ಯಾನಲ್ಲಿದೆ. ಎರಡು ಕಡೆ ನಿಲ್ಲಿಸಿಬಿಡೋಣ, ಅಡ್ಜಸ್ಟ್ ಆಗತ್ತೆ."

ತೆಂಗಿನ ಮರ ಬಂದರೆ ನನ್ನ ಚಿತ್ರ ಇಳಿಸಿಕೊಂಡು ಮನೆಗೆ ಹೋಗುತ್ತೇನೆ ಎಂದೆ. ಹೋಳಿಗೆಯ ಟ್ರೇ ಹಿಡಿದು ಬಂದಿದ್ದ ಅವ್ವ ಅಲ್ಲೇ ನಿಂತಳು, ಅವಳ ಕಿವಿ ಕೆಂಪಾದದ್ದು ನನಗೆ ದೂರದಿಂದಲೇ ಕಂಡಿತು. ಅಷ್ಟರಲ್ಲಿ ಯಾರೋ ಸ್ಟೇಜಿನ ದೀಪ ಹಾಕಿದರು. ಕಾರು ಪಾರ್ಕ್ ಮಾಡಿ ಆಗಷ್ಟೇ ಒಳಗೆ ಬಂದ ಅಪ್ಪ ನಡುಹಾದಿಯಲ್ಲಿ ನಿಂತುಬಿಟ್ಟ. ಗರಾಜಿನ ನೆಲದ ಮೇಲೆ ಹಾಸಿದ್ದಾಗ ಅವನು ಅದನ್ನು ಸರಿಯಾಗಿ ನೋಡಿರಲಿಲ್ಲ. ಈಗ ಕುರ್ಚಿಗಳ ನಡುವೆ ನಿಧಾನವಾಗಿ ನಡೆದು ಸ್ಟೇಜಿನ ತನಕ ಬಂದ.

"ಸುಮಿತ್ರಾ ಅವರ, ಇದು ನಮ್ಮ ಎರಿ ಹೊಲರೀ. ಸುಗ್ಗಿ ಮುಗದ ಮ್ಯಾಲೆ ನಮ್ಮ ಕಡೆ ಹಿಂಗ ಇರ್ತೈತಿ. ಗುಡ್ಡಾನೂ ಇಲ್ಲ, ಗಿಡಾನೂ ಇಲ್ಲ. ಅಗಾ ನೋಡ್ರಿ, ಅದು ನಮ್ಮೂರ ನೀರಿನ ಟಾಕಿ. ನಮ್ಮೂರ ಬರದಾಳ್ರೀ ನನ್ ಮಗಳು."

ಟಾಕಿ ಎಂದು ಅವನು ತೋರಿಸಿದ್ದು ನನ್ನ ಸೈಲೋವನ್ನು. ಆದರೆ ಅಷ್ಟು ಸಾಕಾಯಿತು. ಸುಮಿತ್ರಾ ಆಂಟಿಯ ಮುಖ ಅರಳಿತು.

"ಅಯ್ಯೋ, ಉತ್ತರ ಕರ್ನಾಟಕ ಅಂತ ಮೊದಲೇ ಹೇಳ್ಬಾರ್ದೇನೇ!"

ಜನ ತುಂಬಿದ ಮೇಲೆ ಅವರು ನನ್ನನ್ನು ಸ್ಟೇಜಿಗೆ ಕರೆದರು, ನಮ್ಮ ಹುಡುಗಿ ತಂದೆಯ ಊರಿನ ಕಪ್ಪು ಮಣ್ಣನ್ನು ಮರೆತಿಲ್ಲ ಎಂದು ಮೈಕಿನಲ್ಲಿ ಹೊಗಳಿದರು. ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿ ಅಪ್ಪ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದ. ಸುಮ್ಮನೆ ನಮಸ್ಕಾರ ಮಾಡಿ ಇಳಿದಿದ್ದರೆ ಎಲ್ಲರೂ ಸುಖವಾಗಿ ಹೋಳಿಗೆ ತಿನ್ನುತ್ತಿದ್ದರು. ತೆಂಗಿನ ಮರವೂ ಬರಲಿಲ್ಲ, ಚಿತ್ರವೂ ಉಳಿಯಿತು, ಇನ್ನೇನು ಬೇಕು? ಆದರೆ ಅಲ್ಲಿ ಉಳಿದದ್ದು ನನ್ನ ಚಿತ್ರ ಅಲ್ಲ. ಹಬ್ಬ ಹಬ್ಬಕ್ಕೂ ಕಿಟಕಿಗೆ ಹಣೆ ಒತ್ತಿ ನಾನು ನೋಡಿದ್ದನ್ನು ನನ್ನ ಕಣ್ಣೆದುರೇ ಎತ್ತಿ ಇನ್ನೊಂದು ದೇಶದಲ್ಲಿ ಇಡುತ್ತಿದ್ದರು. ನಾನು ಮೈಕು ತೆಗೆದುಕೊಂಡೆ. ಮನೆಯಲ್ಲಿ ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳ ಬಾಯಿಂದ ಅವತ್ತು ಬಂದದ್ದು ಕನ್ನಡ, ಅದೂ ಅವ್ವನ ಕನ್ನಡ.

"ಇದು ನಮ್ಮಪ್ಪನ ಊರಲ್ಲ. ಇದು ಐ-ನೈಂಟಿಫೋರ್, ಮಾರ್ಷಲ್ ಹತ್ರ. ಅದು ಟಾಕಿ ಅಲ್ಲ, ಸೈಲೋ. ನಾ ನೋಡಿದ್ದು ಇದನ್ನ. ನಾ ಇಲ್ಲಿಯಾಕಿ."

ಒಂದಿಬ್ಬರು ನಕ್ಕರು. ಅಪ್ಪನ ಕೈ ಚಪ್ಪಾಳೆಯ ಮಧ್ಯದಲ್ಲಿ ನಿಂತಿತು, ಅವನು ಕೂತ. ಆಮೇಲೆ ಯಾರೋ ಟೇಪು ಹಾಕಿದರು, ಮಕ್ಕಳು ನನ್ನ ಕೆಸರಿನ ಮುಂದೆ ಕುಣಿದರು. ಚೆನ್ನಾಗಿಯೇ ಕುಣಿದರು.

ಮನೆಗೆ ಬಂದು ಗರಾಜಿನಲ್ಲಿ ಇಳಿಯುತ್ತಿದ್ದಂತೆ ಅವ್ವ ಶುರು ಮಾಡಿದಳು.

"ಅಷ್ಟು ಮಂದ್ಯಾಗ ಅಪ್ಪನ ಮಾತು ಸುಳ್ಳ ಮಾಡಿದಿ."

"ಸುಳ್ಳ ಇತ್ತಲ್ಲವ್ವಾ."

"ಇದ್ರೇನು? ನಿನ್ನ ಸಲುವಾಗಿ ಅಂದಿದ್ದ. ಸಾಕಿನ್ನ ಈ ಬಣ್ಣದ ಹುಚ್ಚು. ನಾಳೆ ಗರಾಜ್ ಖಾಲಿ ಮಾಡು."

ಅಪ್ಪ ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. ಅವನು ನನ್ನ ಸಲುವಾಗಿ ಸುಳ್ಳು ಹೇಳಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅವನಿಗೆ ನಿಜವಾಗಿಯೂ ತನ್ನ ಹೊಲ ಕಂಡಿತ್ತು. ಅದಕ್ಕೇ ಅದು ಇನ್ನೂ ಕಷ್ಟ. ಅವತ್ತು ನನಗೆ ಅಳು ಬಂತು, ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸಿಲ್ಲ. ಆ ವಾರವೆಲ್ಲ ಅಪ್ಪ ನನ್ನೊಡನೆ ಉಪ್ಪು ಕೊಡು, ನೀರು ಕೊಡು ಎನ್ನುವಷ್ಟೇ ಮಾತಾಡಿದ. ಗರಾಜಿನಲ್ಲಿ ನನ್ನ ಡಬ್ಬಿ, ಬಾಟಲಿ ಎಲ್ಲ ಇದ್ದಲ್ಲೇ ಇದ್ದವು. ನಾನು ಖಾಲಿ ಮಾಡಲಿಲ್ಲ, ಅವ್ವ ಮುಟ್ಟಲಿಲ್ಲ, ಅಪ್ಪ ಏನು ಹೇಳುತ್ತಾನೋ ಎಂದು ಇಬ್ಬರೂ ಕಾಯುತ್ತಿದ್ದೆವು.

ಶನಿವಾರ ಬೆಳಿಗ್ಗೆ ಅಪ್ಪ ಸ್ನಾನ, ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಪ್ಯಾಂಟು, ಆಫೀಸಿನ ಬೂಟು ಹಾಕಿಕೊಂಡು ಅಡುಗೆಮನೆಗೆ ಬಂದ. ಯಾರದೋ ಮನೆಗೆ ಹೊರಟವನ ಹಾಗಿದ್ದ. ಕಾರಿನ ಕೀಲಿಯನ್ನು ನನ್ನ ಮುಂದೆ ಇಟ್ಟ.

"ನಡಿ. ಆ ಹೊಲ ತೋರ್ಸು."

ಅವ್ವ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದಳು. ನಾನೇ ಡ್ರೈವ್ ಮಾಡಿದೆ. ನೂರು ಮೈಲಿಯ ದಾರಿಯಲ್ಲಿ ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ. ಇಷ್ಟು ವರ್ಷ ಓಡಾಡಿದ ರಸ್ತೆಯನ್ನು ಅವನು ಪಕ್ಕದ ಸೀಟಿನಿಂದ ನೋಡುತ್ತಿದ್ದದ್ದು ಅದೇ ಮೊದಲಿರಬೇಕು. ಮಾರ್ಷಲ್ ಎಕ್ಸಿಟ್ ತೆಗೆದುಕೊಂಡು, ಹಳ್ಳಿಯ ರಸ್ತೆಯಲ್ಲಿ ಎರಡು ಸಲ ದಾರಿ ತಪ್ಪಿ, ಕೊನೆಗೆ ಸೈಲೋವನ್ನು ಗುರುತು ಹಿಡಿದು ಹೊಲದ ಅಂಚಿಗೆ ಕಾರು ನಿಲ್ಲಿಸಿದೆ. ನಾನೂ ಅಲ್ಲಿ ಕಾಲಿಟ್ಟದ್ದು ಆಗಲೇ. ನಿಂತು ನೋಡಿದರೆ ಕೂಳೆಯ ಸಾಲುಗಳ ನಡುವೆ ಬೆರಳುದ್ದ ಹಸಿರು ಎದ್ದಿತ್ತು, ಕಾರಿನಿಂದ ಅದು ಒಂದು ಸಲವೂ ಕಂಡಿರಲಿಲ್ಲ. ನನ್ನ ಚಿತ್ರದಲ್ಲಿ ಅದು ಇರಲಿಲ್ಲ. ಒಂದು ಹಸಿರು ಎಲೆ ಇಲ್ಲ ಎಂದ ಸುಮಿತ್ರಾ ಆಂಟಿಯ ಮೇಲೆ ನನಗೆ ಇನ್ನಷ್ಟು ಸಿಟ್ಟು ಬಂತು.

ಅಪ್ಪ ಚರ್ಮದ ಬೂಟಿನಲ್ಲೇ ಕೆಸರಿಗೆ ಇಳಿದ. ಹತ್ತಾರು ಹೆಜ್ಜೆ ಹೋಗಿ, ಪ್ಯಾಂಟನ್ನು ಮೊಣಕಾಲಿಗೆ ಎಳೆದುಕೊಂಡು ಕುಕ್ಕರಗಾಲಲ್ಲಿ ಕೂತ. ಒಂದು ಹೆಂಟೆ ಎತ್ತಿ ಅಂಗೈಯಲ್ಲಿ ಒತ್ತಿದ, ಬೆರಳಲ್ಲಿ ತಿಕ್ಕಿದ, ಮೂಗಿನ ಹತ್ತಿರ ಹಿಡಿದ. ನಾನು ಅವನ ಬೆನ್ನು ನೋಡುತ್ತ ನಿಂತಿದ್ದೆ. ಅವನು ಈಗ ಇದೂ ನಮ್ಮದೇ ಮಣ್ಣು ಎಂದುಬಿಟ್ಟರೆ ಇನ್ನೊಂದು ಸಲ ಇಲ್ಲ ಎನ್ನುವ ಶಕ್ತಿ ನನ್ನಲ್ಲಿ ಉಳಿದಿದೆಯೇ ಎಂದು ಗೊತ್ತಿರಲಿಲ್ಲ.

"ನಮ್ದಲ್ಲ ಇದು," ಎಂದ ಅಪ್ಪ, ತಿರುಗದೆ. "ಉಸುಕು ಐತಿ. ನಮ್ಮ ಎರಿ ಆಗಿದ್ರ ಈ ಬೂಟು ಕಾಲಾಗ ಉಳೀತಿದ್ದಿಲ್ಲ. ನೀ ಖರೇನ ಹೇಳೀದಿ."

ಕೈಯಲ್ಲಿದ್ದ ಮಣ್ಣನ್ನು ಅವನು ಮೆಲ್ಲಗೆ ಉದುರಿಸಿದ.

"ನಮ್ಮ ಹೊಲ ನನಗೂ ಈಗ ಸರಿಯಾಗಿ ನೆನಪಿಲ್ಲವ್ವಾ," ಎಂದ. "ಅದಕ್ಕ ನಿಂದು ನಂದು ಅಂದ್ಕೊಂಡೆ."

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಪಿಕಪ್ ಟ್ರಕ್ ಬಂದು ನಮ್ಮ ಕಾರಿನ ಹಿಂದೆ ನಿಂತಿತು. ಟೋಪಿ ಹಾಕಿದ್ದ ವಯಸ್ಸಾದ ಬಿಳಿಯನೊಬ್ಬ ಕಿಟಕಿ ಇಳಿಸಿದ. ಹೊಲ ಅವನದೇ ಇರಬೇಕು. ಕಾರು ಕೆಟ್ಟಿದೆಯೇ, ಸಹಾಯ ಬೇಕೇ ಎಂದು ಕೇಳಿದ. ದನಿಯಲ್ಲಿ ಸಹಾಯಕ್ಕಿಂತ ಪ್ರಶ್ನೆಯೇ ಹೆಚ್ಚಿತ್ತು. ಅಪ್ಪ ಎದ್ದ. ಕರ್ಚೀಫಿನಲ್ಲಿ ಕೈ ಒರೆಸಿಕೊಂಡು, ಕೆಸರಿನ ಬೂಟಿನಲ್ಲಿ ರಸ್ತೆಯ ತನಕ ನಡೆದು, ಡಿಯರ್‌ಬಾರ್ನ್‌ನ ಮೀಟಿಂಗುಗಳಲ್ಲಿ ಮಾತಾಡುವ ದನಿಯಲ್ಲಿ ಹೇಳಿದ.

"ನೋ ಪ್ರಾಬ್ಲಮ್, ಸರ್. ದಿಸ್ ಈಸ್ ಮೈ ಡಾಟರ್ಸ್ ನೇಟಿವ್ ಪ್ಲೇಸ್. ಐ ಹ್ಯಾವ್ ಕಮ್ ಟು ಸೀ."

ಆ ಮನುಷ್ಯ ಅಪ್ಪನನ್ನು ನೋಡಿದ, ಅವನ ಬೂಟು ನೋಡಿದ, ಆಮೇಲೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಯೂ ಫ್ರಮ್ ಅರೌಂಡ್ ಹಿಯರ್?"

"ಯೆಸ್," ಎಂದೆ.